ಹೊಗೆಯ ದಾರಿ ಮೊದಲು, ಚಿಮಣಿ ಆಮೇಲೆ: ಹಳೆಯ ಅಡುಗೆಮನೆಗೆ ಅಳತೆ ಕೊಟ್ಟು ಮಾಡಿಸುವವರಿಗೆ

ಹುಳಿಪುಡಿಗೆ ಮೆಣಸಿನಕಾಯಿ ಹುರಿಯುವ ದಿನ ನಮ್ಮ ಮನೆಯಲ್ಲಿ ಬೀದಿ ಬಾಗಿಲಿನವರೆಗೂ ಕೆಮ್ಮು ಕೇಳುತ್ತಿತ್ತು. ಮನೆ ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿದೆ. ಮದ್ರಾಸ್ ತಾರಸಿ, ಹನ್ನೆರಡು ಅಡಿ ಎತ್ತರದ ಸೂರು, ಎರಡು ಪಕ್ಕದಲ್ಲೂ ನೆರೆಮನೆಯ ಗೋಡೆ. ಸೌದೆ ಒಲೆಯ ಕಾಲದ ಹೊಗೆಗೂಡು ಕಟ್ಟೆಯ ಮೇಲ್ಭಾಗದಲ್ಲಿ ಹಾಗೇ ಉಳಿದಿತ್ತು. ಯಾರೋ ಅದರ ಬಾಯಿಗೆ ತಗಡು ಬಡಿದು, ಸುಣ್ಣ ಹೊಡೆದು ಮರೆತಿದ್ದರು. ನಾನೂ ಅದನ್ನು ಗಮನಿಸಲಿಲ್ಲ. ನೇರ ಅಂಗಡಿಗೆ ಹೋಗಿ, ಡಬ್ಬದ ಮೇಲೆ ಗಾಳಿ ಎಳೆಯುವ ಶಕ್ತಿಯ ಅಂಕಿ ಯಾವುದರದು ದೊಡ್ಡದಿತ್ತೋ ಆ ಚಿಮಣಿಯನ್ನು ತಂದೆ. ಕೂರಿಸಲು ಬಂದವರು ಗೋಡೆಯಲ್ಲಿ ಮೊದಲೇ ಇದ್ದ ನಾಲ್ಕು ಇಂಚಿನ ಪಿವಿಸಿ ಪೈಪಿಗೆ ಅದರ ಕೊಳವೆಯನ್ನು ಹಿಸುಕಿ ತೂರಿಸಿ ಟೇಪು ಸುತ್ತಿದರು. ಚಾಲೂ ಮಾಡಿದರೆ ಶಿಳ್ಳೆ. ಘಾಟು ಮಾತ್ರ ಇದ್ದಲ್ಲೇ ಇತ್ತು. "ಇದನ್ನು ಕೂಗುವುದಕ್ಕೆ ತಂದೆಯೋ, ಹೊಗೆ ಎಳೆಯುವುದಕ್ಕೋ?" ಎಂದು ಅಮ್ಮ ಕೇಳಿದರು.

ಎರಡನೆಯ ಸಲ ಅಳತೆ ಕೊಟ್ಟು ಮಾಡಿಸಿದೆ. ಆಗ ಗೊತ್ತಾದ ಕ್ರಮ ಅಂಗಡಿಯ ಕ್ರಮಕ್ಕೆ ತಿರುಗುಮುರುಗು. ಅಂಗಡಿಯಲ್ಲಿ ಮೊದಲು ಚಿಮಣಿಯ ಅಂದ, ಆಮೇಲೆ ಎಳೆಯುವ ಶಕ್ತಿ, ಕೊನೆಗೆ "ಪೈಪು ಎಲ್ಲಿಗೆ ಬಿಡೋಣ ಸಾರ್" ಎಂಬ ಪ್ರಶ್ನೆ. ಹಳೆಯ ಮನೆಯಲ್ಲಿ ಹೊಗೆ ಹೊರಬೀಳುವ ಬಾಯಿಯಿಂದ ಶುರುಮಾಡಿ ಒಲೆಯ ಕಡೆಗೆ ಬರಬೇಕು.

ಮೊದಲ ಹೆಜ್ಜೆ: ದಾರಿ

ಮಂಡ್ಯದ ಕಡೆ ಆಲೆಮನೆ ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಕಬ್ಬಿನ ಸಿಪ್ಪೆ ಧಗಧಗ ಉರಿಯುವ ಒಲೆಯ ಹೊಗೆ ಬಿಸಿ ಮತ್ತು ಎತ್ತರದ ಬಲದಿಂದಲೇ ಇಟ್ಟಿಗೆಯ ಹೊಗೆಗೂಡು ಹತ್ತಿ ಹೋಗುತ್ತದೆ. ಅಲ್ಲಿ ಮೋಟಾರು ಬೇಕಿಲ್ಲ. ಗ್ಯಾಸ್ ಒಲೆಯ ಒಗ್ಗರಣೆ ಹೊಗೆಗೆ ಆ ಬಿಸಿಯಿಲ್ಲ, ಮೈಗೆ ಎಣ್ಣೆಯ ಭಾರ ಬೇರೆ. ಎರಡು ಅಡಿ ಏರುವಷ್ಟರಲ್ಲಿ ಹರಡಿ, ತಣ್ಣಗಾಗಿ, ಬೀರುವಿನ ನೆತ್ತಿಯ ಮೇಲೆ ಜಿಡ್ಡಾಗಿ ಕೂರುತ್ತದೆ. ಅದನ್ನು ತಳ್ಳಲು ಬ್ಲೋವರ್, ಅಂದರೆ ಗಾಳಿ ಎಳೆದು ತಳ್ಳುವ ಮೋಟಾರು ಫ್ಯಾನು ಬೇಕು. ಬ್ಲೋವರ್‌ನ ಶಕ್ತಿಯನ್ನು ತಿನ್ನುವುದು ಕೊಳವೆಯ ಇಕ್ಕಟ್ಟು ಮತ್ತು ತಿರುವುಗಳು.

ಆದ್ದರಿಂದ ಕಟ್ಟೆಯ ಮುಂದೆ ನಿಂತು, ಹೊರಗಿನ ಆಕಾಶಕ್ಕೆ ಅತಿ ಹತ್ತಿರದ, ಅತಿ ನೇರದ ದಾರಿ ಯಾವುದೆಂದು ನೋಡಿ. ನಮ್ಮಲ್ಲಿ ಅಡುಗೆಮನೆ ಆಗ್ನೇಯಕ್ಕೆ, ಅಡುಗೆ ಮಾಡುವವರ ಮುಖ ಪೂರ್ವಕ್ಕೆ ಎಂಬ ರೂಢಿಯಿರುವುದರಿಂದ ಒಲೆ ಹೆಚ್ಚಾಗಿ ಪೂರ್ವದ ಗೋಡೆಗೆ ಇರುತ್ತದೆ. ಆ ಗೋಡೆಯ ಆಚೆ ನಿಮ್ಮದೇ ಜಾಗವಿದ್ದರೆ ನೀವು ಅದೃಷ್ಟವಂತರು: ಮೂರು ಅಡಿ ಮೇಲಕ್ಕೆ, ಒಂದೇ ತಿರುವು, ಹೊರಕ್ಕೆ. ಅಗ್ರಹಾರದ ಸಾಲುಮನೆಗಳಲ್ಲಿ ಹೀಗಿರುವುದಿಲ್ಲ. ಗೋಡೆಯ ಆಚೆ ಪಕ್ಕದವರ ದೇವರ ಮನೆಯೇ ಇರಬಹುದು. ಅಲ್ಲಿ ಉಳಿದ ದಾರಿ ಸೂರಿನ ಮೂಲಕ.

ಸೂರಿನ ವಿಷಯದಲ್ಲಿ ಅವಸರ ಬೇಡ. ಮದ್ರಾಸ್ ತಾರಸಿ ಎಂದರೆ ಮರದ ಜಂತೆಗಳ ಮೇಲೆ ನಿಲ್ಲಿಸಿ ಜೋಡಿಸಿದ ಇಟ್ಟಿಗೆ, ಅದರ ಮೇಲೆ ಸುಣ್ಣದ ಗಾರೆ ಮತ್ತು ಜಲ್ಲಿ. ಇಲ್ಲಿ ಕಬ್ಬಿಣದ ಸರಳಿಲ್ಲ; ಇಟ್ಟಿಗೆಗಳು ಒಂದನ್ನೊಂದು ಒತ್ತಿ ಹಿಡಿದಿರುತ್ತವೆ. ಸುತ್ತಿಗೆ ಹೊಡೆತದ ಡ್ರಿಲ್ಲಿನಿಂದ ತೂತು ಹೊಡೆಸಿದರೆ ಒಂದಡಿಯ ತೂತು ಮೂರಡಿಯಾಗುತ್ತದೆ. ಎರಡು ಜಂತೆಗಳ ನಡುವೆ ಮಾತ್ರ, ಸುತ್ತ ಕೊರೆಯುವ ಯಂತ್ರದಿಂದ, ಕೆಳಗೆ ಹಲಗೆಯ ಆಸರೆ ಕೊಟ್ಟು ಮಾಡಿಸಬೇಕು. ಜಂತೆಯನ್ನು ಕತ್ತರಿಸಲು ಯಾರು ಹೇಳಿದರೂ ಒಪ್ಪಬೇಡಿ. ಕೊಳವೆಗೂ ಮರಕ್ಕೂ ಎರಡು ಮೂರು ಇಂಚು ಅಂತರವಿರಲಿ. ಹೆಂಚಿನ ಮನೆಯಾದರೆ ಕೆಲಸ ಸುಲಭ. ಒಂದೆರಡು ಹೆಂಚು ತೆಗೆದು, ಆ ಜಾಗಕ್ಕೆ ಕೊಳವೆ ಹಾಯುವ ತಗಡಿನ ಪಟ್ಟಿ ಕೂರಿಸಿದರೆ ಆಯಿತು. ನೀರು ಇಳಿಯದಂತೆ ಆ ಪಟ್ಟಿಯ ಮೇಲಂಚು ಮೇಲಿನ ಹೆಂಚಿನ ಅಡಿಗೆ ಹೋಗಬೇಕು ಎಂಬುದೊಂದೇ ಎಚ್ಚರ.

ಆದರೆ ಇದೆಲ್ಲಕ್ಕೂ ಮೊದಲು ತಲೆಯೆತ್ತಿ ನೋಡಿ. ಮುಚ್ಚಿಹೋದ ಹೊಗೆಗೂಡು, ಗಾಜು ಹಾಕಿದ ಬೆಳಕಿಂಡಿ, ಗವಾಕ್ಷಿ, ಇವುಗಳಲ್ಲಿ ಒಂದಾದರೂ ಹಳೆಯ ಅಡುಗೆಮನೆಯಲ್ಲಿ ಇದ್ದೇ ಇರುತ್ತದೆ. ಮನೆ ಕಟ್ಟಿದವರು ಹೊಗೆಗೆ ದಾರಿ ಮಾಡಿಯೇ ಹೋಗಿರುತ್ತಾರೆ. ನಮ್ಮ ಹೊಗೆಗೂಡಿನ ತಗಡು ಕಿತ್ತಾಗ ಎರಡು ಬುಟ್ಟಿ ಮಸಿ, ಒಂದು ಗುಬ್ಬಿಗೂಡು ಬಿದ್ದವು. ಮೇಲೆ ಆಕಾಶ ಕಂಡಿತು. ಒಂದು ಎಚ್ಚರಿಕೆ: ಇಟ್ಟಿಗೆಯ ಹೊಗೆಗೂಡನ್ನೇ ಕೊಳವೆಯಾಗಿ ಬಳಸಬೇಡಿ. ಗಾರೆ ಎಣ್ಣೆಯನ್ನು ಕುಡಿಯುತ್ತದೆ, ಹಳೆಯ ಮಸಿಯ ಜೊತೆ ಸೇರಿ ಒಂದು ದಿನ ಹೊತ್ತಿಕೊಳ್ಳಬಹುದು. ಅದರೊಳಗೆ ಹೊಸ ಲೋಹದ ಕೊಳವೆ ಇಳಿಬಿಡಬೇಕು.

ಕೊಳವೆಯ ಗಾತ್ರ ಆರು ಇಂಚಿಗೆ ಕಡಿಮೆ ಇರಲೇಬಾರದು. ಜಾಗವಿದ್ದರೆ ಎಂಟು ಇಂಚು. ಗಂಟೆಗೆ 600 ಘನ ಮೀಟರ್ ಗಾಳಿ ನಾಲ್ಕು ಇಂಚಿನ ಪೈಪಿನಲ್ಲಿ ಹೋಗಬೇಕಾದರೆ ಗಂಟೆಗೆ ಸುಮಾರು 74 ಕಿ.ಮೀ. ವೇಗದಲ್ಲಿ ಓಡಬೇಕು. ಆರು ಇಂಚಿನಲ್ಲಿ 33 ಕಿ.ಮೀ. ಸಾಕು, ಎಂಟು ಇಂಚಿನಲ್ಲಿ 19. ನನ್ನ ಮೊದಲ ಚಿಮಣಿ ಶಿಳ್ಳೆ ಹೊಡೆದದ್ದು ಇದಕ್ಕೇ. ಅಕಾರ್ಡಿಯನ್‌ನಂತೆ ಮಡಚುವ ಅಲ್ಯೂಮಿನಿಯಂ ಕೊಳವೆಯನ್ನು ಕೊನೆಯ ಒಂದೆರಡು ಅಡಿಗೆ ಮಾತ್ರ, ಪೂರ್ತಿ ಎಳೆದು ಬಳಸಿ. ಅದರ ಪ್ರತಿ ಮಡಿಕೆಯೂ ಗಾಳಿಗೆ ಒಂದು ತಡೆ. ಉಳಿದದ್ದು ಜಿಐ (ಸತುವಿನ ಲೇಪದ ಕಬ್ಬಿಣ) ಅಥವಾ ಸ್ಟೀಲ್ ಕೊಳವೆಯಾಗಿರಲಿ. ಪಿವಿಸಿ ಬಿಸಿಗೆ ಮೆತ್ತಗಾಗುತ್ತದೆ, ಬೆಂಕಿ ಹಿಡಿದರೆ ವಿಷದ ಹೊಗೆ ಬಿಡುತ್ತದೆ. ಅದು ಮಳೆನೀರಿಗೆ ಸರಿ, ಇಲ್ಲಿಗೆ ಬೇಡ. ಅಡ್ಡ ಹೋಗುವ ಕೊಳವೆ ಹೊರಗಡೆಗೆ ತುಸು ಇಳಿಜಾರಾಗಿರಬೇಕು. ಇಲ್ಲದಿದ್ದರೆ ಹಬೆ ತಣ್ಣಗಾಗಿ ಆದ ನೀರು ಹುಳಿಯ ಪಾತ್ರೆಗೇ ತೊಟ್ಟಿಕ್ಕುತ್ತದೆ.

ಹೊರಗಿನ ಬಾಯಿಗೆ ಟೋಪಿ ಮತ್ತು ಗಾಳಿ ಹಿಂದಿರುಗದಂತೆ ತಡೆಯುವ ರೆಕ್ಕೆಬಾಗಿಲು ಬೇಕು. ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಮಳೆ ಯಾವ ದಿಕ್ಕಿನಿಂದ ಬಡಿಯುತ್ತದೋ ಹೇಳಲಾಗದು. ಹಿಂಗಾರಿನಲ್ಲಿ ಪೂರ್ವದ ಗೋಡೆಗೂ ಬಡಿಯುತ್ತದೆ. ಅಳಿಲು, ಗುಬ್ಬಿಗಳಿಗಾಗಿ ಜಾಲರಿ ಹಾಕಿಸುವುದಾದರೆ ಅರ್ಧ ಇಂಚಿನ ಕಣ್ಣಿನದು. ಸೊಳ್ಳೆಪರದೆ ಹಾಕಿದರೆ ಎರಡೇ ತಿಂಗಳಲ್ಲಿ ಜಿಡ್ಡು ಕಟ್ಟಿ ಗೋಡೆಯಾಗುತ್ತದೆ.

ಎರಡನೆಯ ಹೆಜ್ಜೆ: ರಟ್ಟಿನ ಹುಡ್

ಹುಡ್ ಎಂದರೆ ಒಲೆಯ ಮೇಲೆ ಕೊಡೆಯಂತೆ ನಿಂತು ಹೊಗೆ ಹಿಡಿಯುವ ಭಾಗ. ಸಿದ್ಧ ಚಿಮಣಿಗಳು ಎರಡಡಿ ಆಳದ ಗ್ರಾನೈಟ್ ಕಟ್ಟೆ, ಒಂಬತ್ತು ಹತ್ತಡಿಯ ಸೂರು ಇರುವ ಮನೆಗಳಿಗೆ ಅಳತೆ ಮಾಡಿದವು. ಹಳೆಯ ಮನೆಯ ಕಟ್ಟೆ ಎರಡೂವರೆ ಅಡಿ ಆಳವಿರುತ್ತದೆ. ಒಲೆ ಗೋಡೆಯಿಂದ ಮುಂದಕ್ಕೆ ಬಂದಿರುತ್ತದೆ. ಹದಿನೆಂಟು ಇಪ್ಪತ್ತು ಇಂಚು ಆಳದ ಚಿಮಣಿ ಅಂಥ ಒಲೆಯ ಮುಂದಿನ ಅರ್ಧವನ್ನು ಬಿಟ್ಟೇ ಬಿಡುತ್ತದೆ. ಅಳತೆ ಕೊಟ್ಟು ಮಾಡಿಸುವುದಕ್ಕೆ ನನ್ನ ಮಟ್ಟಿಗೆ ಇದೇ ನಿಜವಾದ ಕಾರಣ, ಅಂದ ಆಮೇಲಿನದು.

ಅಗಲ: ಒಲೆಗಿಂತ ಎರಡೂ ಕಡೆ ಮೂರು ಮೂರು ಇಂಚು ಹೆಚ್ಚು. ಮೂರು ಬರ್ನರ್‌ನ ಒಲೆಗೆ ಮೂರಡಿ ಸರಿಹೋಗುತ್ತದೆ. ಆಳ: ಹುಡ್‌ನ ಮುಂದಿನ ಅಂಚು ಬಾಣಲೆಯ ಮುಂದಿನ ಅಂಚಿಗಿಂತ ಮುಂದೆ ಇರಬೇಕು. ಎತ್ತರ: ಬರ್ನರ್‌ನಿಂದ ಹುಡ್‌ನ ಬಾಯಿಗೆ 26ರಿಂದ 30 ಇಂಚು. ಅದಕ್ಕಿಂತ ಕೆಳಗೆ ಬಂದರೆ ಉರಿ ಫಿಲ್ಟರಿನ ಜಿಡ್ಡಿಗೆ ತಾಗುವ ಭಯ, ಮೇಲೆ ಹೋದರೆ ಹೊಗೆ ಬದಿಗೆ ಸೋರುತ್ತದೆ.

ತೊಡಕಿರುವುದು ಇಲ್ಲೇ. ಕಟ್ಟೆ 33 ಇಂಚು, ಒಲೆ ಐದು ಇಂಚು, ಅದರ ಮೇಲೆ 28 ಇಂಚು ಸೇರಿದರೆ ನೆಲದಿಂದ 66 ಇಂಚು, ಅಂದರೆ ಐದೂವರೆ ಅಡಿ. ಮನೆಯಲ್ಲಿ ಉದ್ದನೆಯವರಿದ್ದರೆ ಹಣೆ ನೇರ ಅಂಚಿಗೆ ಬಡಿಯುತ್ತದೆ. ದೊಡ್ಡ ಇಡ್ಲಿ ಪಾತ್ರೆಯ ಮುಚ್ಚಳ ಎತ್ತಲೂ ಜಾಗ ಬೇಕು. ಇದನ್ನು ಕಾಗದದ ಮೇಲೆ ಬಗೆಹರಿಸಲು ಹೋಗಬೇಡಿ. ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆಯೊಂದನ್ನು ಅಂಗಡಿಯಿಂದ ಕೇಳಿ ತನ್ನಿ, ಹುಡ್‌ನ ಆಕಾರಕ್ಕೆ ಕತ್ತರಿಸಿ ಅಂಟಿಸಿ, ಹಗ್ಗ ಕಟ್ಟಿ ಕಟ್ಟೆಯ ಮೇಲೆ ತೂಗುಬಿಡಿ. ಒಲೆ ಹಚ್ಚದೆ ಎರಡು ದಿನ ಆ ಜಾಗದಲ್ಲಿ ಪಾತ್ರೆ ಇಳಿಸಿ, ಹತ್ತಿಸಿ, ಬಗ್ಗಿ, ತಿರುಗಿ ನೋಡಿ. ನಮ್ಮ ರಟ್ಟಿನ ಹುಡ್ ಮೊದಲ ದಿನ ಅಮ್ಮನಿಗೆ ಸರಿಹೋಯಿತು, ನನ್ನ ತಲೆಗೆ ನಾಲ್ಕು ಸಲ ತಗುಲಿತು. ಮುಂದಿನ ಅಂಚನ್ನು ಹಿಂದಿನದಕ್ಕಿಂತ ಎರಡು ಇಂಚು ಮೇಲಕ್ಕೆ ಎತ್ತಿ, ಮೂಲೆಗಳನ್ನು ಸವರಿ ಒಪ್ಪಂದಕ್ಕೆ ಬಂದೆವು. ತಗಡು ಕತ್ತರಿಸಿದ ಮೇಲೆ ಈ ಒಪ್ಪಂದ ದುಬಾರಿಯಾಗುತ್ತಿತ್ತು.

ಹುಡ್‌ನ ಒಳಗಿನ ಆಳವೂ ಮುಖ್ಯ. ಒಗ್ಗರಣೆಯ ಹೊಗೆ ಒಮ್ಮೆಗೇ ಉಕ್ಕಿ ಬರುತ್ತದೆ. ಬ್ಲೋವರ್ ಎಳೆದುಕೊಳ್ಳುವವರೆಗೆ ಅದನ್ನು ಹಿಡಿದಿಟ್ಟುಕೊಳ್ಳಲು ಬೋರಲು ಬಾಣಲೆಯಂಥ ಹೊಟ್ಟೆ ಬೇಕು, ಕನಿಷ್ಠ ಒಂದಡಿ. ಚಪ್ಪಟೆ ಗಾಜಿನ ಚಿಮಣಿಗಳಿಗೆ ಹೊಟ್ಟೆಯೇ ಇರುವುದಿಲ್ಲ. ನೋಡಲು ಚೆನ್ನ, ಹಪ್ಪಳ ಕರಿಯುವ ಮನೆಗೆ ಅಲ್ಲ.

ಮೂರನೆಯ ಹೆಜ್ಜೆ: ಗಾಳಿಯ ಲೆಕ್ಕ

ಎರಡು ರೀತಿಯಲ್ಲಿ ಲೆಕ್ಕ ಹಾಕಿ, ಒಂದಕ್ಕೊಂದು ತಾಳೆ ನೋಡಿ. ನಮ್ಮ ಅಡುಗೆಮನೆ 10 ಅಡಿ, 12 ಅಡಿ, ಎತ್ತರ 12 ಅಡಿ: 1,440 ಘನ ಅಡಿ, ಅಂದರೆ ಸುಮಾರು 41 ಘನ ಮೀಟರ್. ಗಂಟೆಗೆ ಹದಿನೈದು ಸಲ ಗಾಳಿ ಬದಲಾಗಬೇಕೆಂದರೆ 615 ಘನ ಮೀಟರ್. ಇನ್ನೊಂದು ಲೆಕ್ಕ ಹುಡ್‌ನ ಬಾಯಿಯದು. 90 ಸೆಂ.ಮೀ. ಅಗಲ, 60 ಸೆಂ.ಮೀ. ಆಳ ಎಂದರೆ 0.54 ಚದರ ಮೀಟರ್. ಆ ಬಾಯಿಯಲ್ಲಿ ಗಾಳಿ ಸೆಕೆಂಡಿಗೆ 0.3 ಮೀಟರ್ ವೇಗದಲ್ಲಿ ಒಳಹೋದರೆ ಗಂಟೆಗೆ 583. ಎರಡೂ ಆರುನೂರರ ಆಸುಪಾಸು. ಡಬ್ಬದ ಮೇಲಿನ ಅಂಕಿ ಕೊಳವೆಯ ತಡೆ ಇಲ್ಲದ ಸ್ಥಿತಿಯದ್ದಾಗಿರುತ್ತದೆ. ಮನೆಯಲ್ಲಿ ಮೂರನೆಯ ಒಂದು ಭಾಗ ಕಳೆದುಹೋಗುತ್ತದೆ ಎಂದಿಟ್ಟುಕೊಂಡು 900ರಿಂದ 1,000ದ ಬ್ಲೋವರ್ ಆರಿಸಿ. 1,500 ಎಂದು ಮೆರೆಯುವುದನ್ನು ತಂದು ಮೊದಲ ವೇಗದಲ್ಲೇ ಓಡಿಸುವುದರಲ್ಲಿ ಅರ್ಥವಿಲ್ಲ.

ಗೋಡೆಯ ಎಕ್ಸಾಸ್ಟ್ ಫ್ಯಾನನ್ನೇ ಹುಡ್‌ಗೆ ಸಿಕ್ಕಿಸಿ ಹಣ ಉಳಿಸೋಣ ಎನ್ನುವವರಿದ್ದಾರೆ. ರೆಕ್ಕೆಯ ಫ್ಯಾನು ತೆರೆದ ಕಿಂಡಿಯಲ್ಲಿ ಚೆನ್ನಾಗಿ ತಳ್ಳುತ್ತದೆ, ಉದ್ದದ ಕೊಳವೆಯಲ್ಲಿ ಏದುಸಿರು ಬಿಡುತ್ತದೆ. ಚಕ್ರದಂತೆ ಸುತ್ತಿ ಗಾಳಿಯನ್ನು ಹೊರಕ್ಕೆ ಎಸೆಯುವ ಸೆಂಟ್ರಿಫ್ಯೂಗಲ್ ಬ್ಲೋವರೇ ಬೇಕು. ಸೂರು ಎತ್ತರವಿರುವ ಮನೆಯಲ್ಲಿ ಅದನ್ನು ಹುಡ್‌ನಲ್ಲಿಡದೆ ಕೊಳವೆಯ ನಡುವೆ, ಮೇಲೆ ಇಡಿಸಬಹುದು. ಸದ್ದು ಕಿವಿಯಿಂದ ಆರಡಿ ದೂರ ಹೋಗುತ್ತದೆ. ಏಣಿ ಹಾಕಿ ತಲುಪುವಂತೆ, ಬಿಚ್ಚುವಂತೆ ಇರಬೇಕು ಎಂಬ ಷರತ್ತು ಮರೆಯಬೇಡಿ. 200 ವ್ಯಾಟ್‌ನ ಮೋಟಾರು ದಿನಕ್ಕೆ ಎರಡು ಗಂಟೆ ಓಡಿದರೆ ತಿಂಗಳಿಗೆ 12 ಯೂನಿಟ್. ಕರೆಂಟ್ ಬಿಲ್ಲಿನ ಭಯ ಬೇಡ.

ಹೊರಹೋದಷ್ಟೇ ಗಾಳಿ ಒಳಬರಬೇಕು. ಬಾಗಿಲು ಕಿಟಕಿ ಮುಚ್ಚಿ ಚಿಮಣಿ ಹಾಕಿದರೆ ಅದು ಎಳೆಯುವುದು ಏನನ್ನು? ಒಲೆಯಿಂದ ದೂರದ ಕಿಟಕಿಯನ್ನೋ ತೊಟ್ಟಿಯ ಕಡೆಯ ಬಾಗಿಲನ್ನೋ ತೆರೆದಿಡಿ. ಒಲೆಯ ಪಕ್ಕದ ಕಿಟಕಿ ತೆರೆದರೆ ಅಡ್ಡಗಾಳಿ ಹೊಗೆಯನ್ನು ಹುಡ್‌ನಿಂದ ಆಚೆಗೆ ಒಯ್ಯುತ್ತದೆ.

ಇದನ್ನು ಬಿಟ್ಟು ಮುಂದೆ ಹೋಗಬೇಡಿ

ಹಳೆಯ ಮನೆಗಳಲ್ಲಿ ಅಡುಗೆಮನೆಯ ಪಕ್ಕದಲ್ಲೇ ಬಚ್ಚಲು, ಅಲ್ಲಿ ಹಂಡೆ ಒಲೆ ಅಥವಾ ಗ್ಯಾಸ್ ಗೀಸರ್. ಬಲವಾದ ಬ್ಲೋವರ್ ಮನೆಯ ಗಾಳಿಯನ್ನು ಎಳೆಯುವಾಗ ಬೇರೆ ದಾರಿ ಸಿಗದಿದ್ದರೆ ಆ ಒಲೆಯ ಹೊಗೆಕೊಳವೆಯಿಂದಲೇ ಗಾಳಿ ಹಿಮ್ಮುಖವಾಗಿ ಇಳಿಯುತ್ತದೆ. ಅದರ ಜೊತೆ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ; ಅದು ಪ್ರಾಣ ತೆಗೆಯುತ್ತದೆ. ಬಚ್ಚಲಿನಲ್ಲಿ ಉರಿ ಇರುವಾಗ ಚಿಮಣಿ ಹಾಕಬೇಡಿ. ಹಾಕಲೇಬೇಕಾದರೆ ಅಡುಗೆಮನೆಯ ಕಿಟಕಿ ಪೂರ್ತಿ ತೆರೆದು, ನಡುವಿನ ಬಾಗಿಲು ಭದ್ರವಾಗಿ ಮುಚ್ಚಿ.

ಊರ ಕಡೆ ಗ್ಯಾಸಿನ ಜೊತೆಗೆ ಸೌದೆ ಒಲೆಯನ್ನೂ ಉಳಿಸಿಕೊಂಡವರಿದ್ದಾರೆ. ಮುದ್ದೆ, ನಾಟಿ ಕೋಳಿ ಸಾರಿಗೆ ಅದೇ ಬೇಕೆನ್ನುತ್ತಾರೆ. ಎರಡನ್ನೂ ಒಂದೇ ಹುಡ್‌ನ ಕೆಳಗೆ ತರಬೇಡಿ. ಸೌದೆಯ ಕಿಡಿ, ಫಿಲ್ಟರಿನ ಎಣ್ಣೆ, ಫ್ಯಾನಿನ ಗಾಳಿ, ಬೆಂಕಿಗೆ ಇನ್ನೇನು ಬೇಕು? ಸೌದೆ ಒಲೆಗೆ ಮೋಟಾರಿಲ್ಲದ ಬೇರೆ ಹೊಗೆಗೂಡೇ ಇರಲಿ.

ಗ್ಯಾಸ್ ಸೋರಿದ ವಾಸನೆ ಬಂದಾಗ "ಚಿಮಣಿ ಹಾಕು, ಎಳೆದುಕೊಂಡು ಹೋಗಲಿ" ಎನ್ನುವವರನ್ನು ಕಂಡಿದ್ದೇನೆ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತದೆ. ಸ್ವಿಚ್ಚಿನ ಕಿಡಿ ಸಾಕು. ಯಾವ ಸ್ವಿಚ್ಚನ್ನೂ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು ಹೊರಗೆ ಬನ್ನಿ.

ನಾಲ್ಕನೆಯ ಹೆಜ್ಜೆ: ತಗಡು, ತಾಮ್ರ, ಫಿಲ್ಟರ್

ಒಳಗಿನ ಮೈ ಸ್ಟೇನ್‌ಲೆಸ್ ಸ್ಟೀಲ್ 304 ಆಗಿರಲಿ. ಅಗ್ಗದ 202ರಲ್ಲಿ ನಿಕ್ಕೆಲ್ ಕಡಿಮೆ, ಮ್ಯಾಂಗನೀಸ್ ಹೆಚ್ಚು. ಉಪ್ಪು ಹುಳಿಯ ಹಬೆಗೆ ಬೆಸುಗೆಯ ಜಾಗದಲ್ಲಿ ಮೊದಲು ಕಂದು ಕಲೆ ಬೀಳುತ್ತದೆ. ಆಯಸ್ಕಾಂತ ಹಿಡಿದು ಪರೀಕ್ಷೆ ಮಾಡಿದೆ ಎಂದು ಸಮಾಧಾನಪಡಬೇಡಿ: ಅದು 304ಕ್ಕೂ ಅಂಟುವುದಿಲ್ಲ, 202ಕ್ಕೂ ಅಂಟುವುದಿಲ್ಲ. ತಗಡಿನ ಮೇಲೆ ಒಂದು ಹನಿ ದ್ರಾವಣ ಹಾಕಿ ಸಣ್ಣ ಬ್ಯಾಟರಿ ಮುಟ್ಟಿಸುವ ಪರೀಕ್ಷೆಯಿದೆ. 202 ಆದರೆ ಹನಿ ಕೆಂಪಾಗುತ್ತದೆ. ಒಳ್ಳೆಯ ಕೆಲಸದವರು ಕೇಳಿದರೆ ಮಾಡಿ ತೋರಿಸುತ್ತಾರೆ, ಮುಖ ಗಂಟಿಕ್ಕುವುದಿಲ್ಲ.

ದಪ್ಪವನ್ನು ಗೇಜಿನಲ್ಲಿ ಹೇಳಿದರೆ ಮಿಲಿಮೀಟರಿನಲ್ಲಿ ಎಷ್ಟೆಂದು ಕೇಳಿ ಬರೆಸಿಕೊಳ್ಳಿ. ಒಂದು ಮಿ.ಮೀ. ಸಾಕು, ಅದಕ್ಕಿಂತ ತೆಳುವಾದರೆ ಬ್ಲೋವರ್ ಜೊತೆ ತಗಡೂ ಜಾಗಟೆ ಹೊಡೆಯುತ್ತದೆ. ಒಂದು ಮಿ.ಮೀ. ತಗಡು ಚದರ ಮೀಟರಿಗೆ ಸುಮಾರು ಎಂಟು ಕಿಲೋ ತೂಗುತ್ತದೆ. ಎರಡೂವರೆ ಚದರ ಮೀಟರಿನ ಹುಡ್‌ಗೆ ಇಪ್ಪತ್ತು ಕಿಲೋ ಆಗಬೇಕು. ಬಿಲ್ಲಿನಲ್ಲಿ ಮೂವತ್ತೈದು ಬಂದರೆ ಕೇಳುವ ಹಕ್ಕು ನಿಮ್ಮದು.

ಹೊರಮೈಗೆ ತಾಮ್ರವೋ ಹಿತ್ತಾಳೆಯೋ ಹಾಕಿಸುವ ಆಸೆ ಎಲ್ಲರಿಗೂ ಬರುತ್ತದೆ. ಲೋಹದ ಕೆಲಸಕ್ಕೆ ಹೆಸರಾದ ನಾಗಮಂಗಲ ಹತ್ತಿರದಲ್ಲೇ ಇರುವಾಗ ಬರದೆ ಇದ್ದೀತೇ? ಆದರೆ ಮೂರಡಿಯ ತಾಮ್ರದ ಹುಡ್ ಎಂದರೆ ಮನೆಗೆ ಇನ್ನೊಂದು ಹಂಡೆ ಬಂದಂತೆ. ಹುಣಸೆಹಣ್ಣು, ಉಪ್ಪು ಹಿಡಿದು ತಿಕ್ಕುವವರು ಯಾರು ಎಂದು ಮೊದಲು ತೀರ್ಮಾನಿಸಿ. ಹೊಳಪು ಉಳಿಯಲೆಂದು ಲೇಪ ಹಾಕಿಸಿದ್ದರೆ ಹುಣಸೆಹಣ್ಣು ತಾಗಿಸಲೇಬಾರದು. ನಾವು ಮಂಕು ಮೈಯ ಸ್ಟೀಲು ಹಾಕಿಸಿ, ಕೆಳ ಅಂಚಿಗೆ ಮಾತ್ರ ಮೂರು ಇಂಚಿನ ತಾಮ್ರದ ಪಟ್ಟಿ ಕೊಟ್ಟೆವು. ತೇಗದ ಹೊದಿಕೆ ನನಗೆ ಇಷ್ಟವಿಲ್ಲ. ಉರಿಯ ಮೇಲೆ ಮರ, ಮರದ ಮೇಲೆ ಜಿಡ್ಡು.

ಫಿಲ್ಟರ್ ಬಗ್ಗೆ ಹೆಚ್ಚು ಮಾತಿಲ್ಲ: ಸ್ಟೀಲಿನ ಬ್ಯಾಫಲ್, ಅಂದರೆ ಜಾಲರಿಯ ಬದಲು ಬಾಗಿದ ಪಟ್ಟಿಗಳಿರುವುದು. ಜಾಲರಿ ನಮ್ಮ ಒಗ್ಗರಣೆಗೆ ವಾರದಲ್ಲಿ ಕಟ್ಟಿಕೊಳ್ಳುತ್ತದೆ. ಕೊಳವೆಯಿಲ್ಲದೆ ಇದ್ದಿಲ ಫಿಲ್ಟರಿನಿಂದ ಗಾಳಿಯನ್ನು ಒಳಗೇ ಬಿಡುವಂಥದ್ದು ಬಿಸಿಯನ್ನೂ ಹಬೆಯನ್ನೂ ಹೊರಹಾಕುವುದಿಲ್ಲ. ಮುಖ್ಯವಾಗಿ, ಮಾರುಕಟ್ಟೆಯಲ್ಲಿ ಸಿಗುವ ಫಿಲ್ಟರಿನ ಅಳತೆಗೆ ಹುಡ್ ಮಾಡಿಸಿ. ಹುಡ್‌ನ ಅಳತೆಗೆ ಫಿಲ್ಟರ್ ಮಾಡಿಸಬೇಡಿ.

ಐದನೆಯ ಹೆಜ್ಜೆ: ಶೆಡ್ಡಿಗೆ ಹೋಗುವಾಗ

ಮೈಸೂರಿನಲ್ಲಿ ಹೆಬ್ಬಾಳ, ಮೇಟಗಳ್ಳಿ, ಹೂಟಗಳ್ಳಿ ಕೈಗಾರಿಕಾ ಪ್ರದೇಶಗಳಲ್ಲಿ, ಮಂಡ್ಯದವರಿಗೆ ತೂಬಿನಕೆರೆಯ ಕಡೆ ವಿಚಾರಿಸಿ. ಹೋಟೆಲ್ ಅಡುಗೆಮನೆಗೆ ಹುಡ್ ಮಾಡುವ ಶೆಡ್ಡು ಸಿಕ್ಕರೆ ಉತ್ತಮ. ಗೇಟು, ಗ್ರಿಲ್ ಮಾಡುವವರಿಗೆ ತೆಳು ತಗಡಿನ ಬೆಸುಗೆ ಒಗ್ಗಿರುವುದಿಲ್ಲ. ಹಿಂದೆ ಮಾಡಿದ ಹುಡ್ ಒಂದನ್ನು ತೋರಿಸಲು ಹೇಳಿ, ಒಳಗೆ ಕೈಯಾಡಿಸಿ. ಅಂಚುಗಳು ಮಡಚಿರಬೇಕು, ಕೈ ಕೊಯ್ಯಬಾರದು. ಬೆಸುಗೆ ಆರ್ಗಾನ್ ಅನಿಲ ಬಳಸಿ ಮಾಡಿದ್ದಾಗಿರಬೇಕು, ಸಂದುಗಳು ಪೂರ್ತಿ ಮುಚ್ಚಿರಬೇಕು. ಕೆಳ ಅಂಚಿನ ಸುತ್ತ ಒಳಗಡೆ ಎಣ್ಣೆ ಹರಿಯುವ ಸಣ್ಣ ಕಾಲುವೆ, ಅದರ ಮೂಲೆಗೆ ತೆಗೆಯಬಹುದಾದ ಬಟ್ಟಲು ಕೇಳಿ. ದೀಪ ಮಾಮೂಲಿ ಎಲ್‌ಇಡಿ, ಸ್ವಿಚ್ಚು ಒತ್ತುವಂಥದ್ದು. ಕೈ ಬೀಸಿದರೆ ಚಾಲೂ ಆಗುವ ಚಿಮಣಿ ಹಿಟ್ಟಿನ ಕೈಗೆ ಅನುಕೂಲ ಎನ್ನುತ್ತಾರೆ. ಒಗ್ಗರಣೆ ಸೌಟು ಬೀಸಿದಾಗಲೂ ಅದು ಆರಿಹೋಗುತ್ತದೆ ಎನ್ನುವುದನ್ನು ಹೇಳುವುದಿಲ್ಲ. ತಗಡು, ಕೂಲಿ, ಬ್ಲೋವರ್, ಕೊಳವೆ ಇವುಗಳ ದರವನ್ನು ಬೇರೆ ಬೇರೆಯಾಗಿ ಬರೆಸಿಕೊಳ್ಳಿ.

ಕೂರಿಸುವ ದಿನ

ಸುಣ್ಣದ ಗಾರೆಯ ಗೋಡೆ ಸಾಮಾನ್ಯ ಆಂಕರ್ ಬೋಲ್ಟನ್ನು ಹಿಡಿಯುವುದಿಲ್ಲ, ಪುಡಿಪುಡಿಯಾಗಿ ಉದುರುತ್ತದೆ. ಬ್ಲೋವರ್ ಸೇರಿ ಮೂವತ್ತು ಕಿಲೋ ತೂಗುವ ವಸ್ತು ಕುದಿಯುವ ಸಾರಿನ ಮೇಲೆ ನೇತಾಡುತ್ತದೆ ಎಂಬುದು ನೆನಪಿರಲಿ. ಗೋಡೆಯ ಆಚೆ ನಿಮ್ಮದೇ ಕೋಣೆಯಿದ್ದರೆ ಬೋಲ್ಟು ಆಚೆಯವರೆಗೆ ಹಾದು, ಅಲ್ಲಿ ಕಬ್ಬಿಣದ ಪಟ್ಟಿಗೆ ಬಿಗಿಯಬೇಕು. ಇಲ್ಲದಿದ್ದರೆ ಜಂತೆಗಳಿಗೆ ಕ್ಲಾಂಪ್ ಹಾಕಿ ಸರಳಿನಲ್ಲಿ ತೂಗುಬಿಡಿಸಿ. ಅರ್ತಿಂಗ್ ಇರುವ ಮೂರು ಪಿನ್ನಿನ ಪ್ಲಗ್ ಪಾಯಿಂಟ್ ಒಲೆಯ ಮೇಲಲ್ಲ, ಪಕ್ಕಕ್ಕೆ ಇರಲಿ.

ಹಣ ಕೊಡುವ ಮುನ್ನ ಪರೀಕ್ಷೆ. ಮೈಸೂರಿನ ಮನೆಯಲ್ಲಿ ಊದುಬತ್ತಿಗೆ ಬರವಿಲ್ಲ. ಒಂದು ಹಚ್ಚಿ, ಚಿಮಣಿ ಚಾಲೂ ಮಾಡಿ, ಹುಡ್‌ನ ಅಂಚಿನ ಉದ್ದಕ್ಕೂ ನಿಧಾನವಾಗಿ ಒಯ್ಯಿರಿ. ಹೊಗೆ ಎಲ್ಲ ಕಡೆ ಒಳಕ್ಕೆ ಬಾಗಬೇಕು. ಒಂದು ಮೂಲೆಯಲ್ಲಿ ನೇರ ನಿಂತರೆ ಅಲ್ಲಿ ಫಿಲ್ಟರ್ ಸರಿಯಾಗಿ ಕೂತಿಲ್ಲ, ಇಲ್ಲವೇ ಕಿಟಕಿಯ ಗಾಳಿ ಅಡ್ಡ ಬರುತ್ತಿದೆ. ಕೊಳವೆಯ ಸಂದುಗಳಿಗೂ ಹಿಡಿದು ನೋಡಿ. ಎರಡನೆಯ ಪರೀಕ್ಷೆ ಇನ್ನೂ ಕಠಿಣ: ಹತ್ತು ಗುಂಟೂರು ಮೆಣಸಿನಕಾಯಿಯನ್ನು ಬಾಣಲೆಯಲ್ಲಿ ಹುರಿಯಿರಿ, ಕೂರಿಸಲು ಬಂದವರನ್ನು ನಡುಮನೆಯಲ್ಲಿ ಕಾಫಿ ಕುಡಿಯಲು ಕೂರಿಸಿ. ನಮ್ಮಲ್ಲಿ ಮೊದಲ ಸಲ ಒಬ್ಬರು ಸೀನಿದರು. ಮೇಲಿನ ರೆಕ್ಕೆಬಾಗಿಲು ಅರ್ಧಕ್ಕೆ ಸಿಕ್ಕಿಕೊಂಡಿದೆ ಎಂದು ಗೊತ್ತಾದದ್ದು ಹಾಗೆ.

ಆಮೇಲೆ ತೊಳೆಯುವುದು. ಬ್ಯಾಫಲ್ ಫಿಲ್ಟರನ್ನು ಬಿಸಿನೀರಿಗೆ ಬಟ್ಟೆ ಸೋಡಾ ಹಾಕಿ ಅರ್ಧ ಗಂಟೆ ನೆನೆಸಿದರೆ ಜಿಡ್ಡು ಬಿಡುತ್ತದೆ. ಅಲ್ಯೂಮಿನಿಯಂ ಫಿಲ್ಟರಿಗೆ ಸೋಡಾ ಬೇಡ, ಕಪ್ಪಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಎಂದು ಹೇಳಿದರೆ ಯಾರೂ ನೆನಪಿಡುವುದಿಲ್ಲ. ಅಮ್ಮ ಅದನ್ನು ಏಕಾದಶಿಗೆ ಕಟ್ಟಿಹಾಕಿದ್ದಾರೆ: ಅಂದು ಉಪವಾಸ, ಒಲೆಗೂ ಬಿಡುವು, ಫಿಲ್ಟರ್ ಬಿಸಿಲಿನಲ್ಲಿ ಒಣಗಲು ಇಡೀ ದಿನ ಸಿಗುತ್ತದೆ. ಮದ್ದೂರಿನ ಚಿಕ್ಕಮ್ಮನ ಮನೆಯಲ್ಲಿ ಉಪವಾಸದ ರೂಢಿಯಿಲ್ಲ. ಸೋಮವಾರ ಬಾಡು ಮಾಡುವುದಿಲ್ಲವಾದ್ದರಿಂದ ವಾರ ಬಿಟ್ಟು ವಾರದ ಸೋಮವಾರವನ್ನು ಅವರು ಆರಿಸಿಕೊಂಡಿದ್ದಾರೆ.